ಅಳಿಯನ ರಾಜಧಾನಿಯೂ ನನ್ನ ರಾಜಧಾನಿಗಳೂ

ಹೊರಗಿನಿಂದ ಬಂದ ನೆಂಟರಿಗೆ ಊರು ತೋರಿಸುವ ಕೆಲಸ ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ದಿನ ಬೆಳಗಾದರೆ ನಾವು ದಾಟಿಹೋಗುವ ಕಲ್ಲು, ಕಂಬ, ಕೆರೆಗಳನ್ನು ‘ಇವು ನೋಡತಕ್ಕವು’ ಎಂದು ಬೆರಳು ತೋರಿಸಬೇಕಾದರೆ ನಾವಾದರೂ ಅವನ್ನು ಒಮ್ಮೆ ಸರಿಯಾಗಿ ನೋಡಿರಬೇಕಷ್ಟೆ. ಮೂಡಬಿದಿರೆಯಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಸಾವಿರ ಕಂಬದ ಬಸದಿಯ ಒಳಗೆ ಹೋದದ್ದು ಎಷ್ಟು ಸಲ ಎಂದು ಲೆಕ್ಕ ಹಾಕಿದರೆ ಎರಡು ಕೈಯ ಬೆರಳುಗಳು ಧಾರಾಳವಾಗಿ ಸಾಲುತ್ತವೆ. ಹೋದದ್ದೂ ಪ್ರತಿ ಸಲ ನೆಂಟರ ಜೊತೆಗೇ.

ಹೋದ ಬೇಸಿಗೆಯಲ್ಲಿ ಬಂದ ನೆಂಟ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗ. ಆಫ್ರಿಕದ ನೈಜೀರಿಯ ದೇಶದ ರಾಜಧಾನಿ ಅಬುಜದಲ್ಲಿ ಎಂಟು ವರ್ಷದಿಂದ ರಸ್ತೆಗಳ ಎಂಜಿನಿಯರ್. ಬಂದ ಕಾರಣ ನನ್ನನ್ನು ನೋಡುವುದಲ್ಲ, ನನ್ನ ರುಜು ಪಡೆಯುವುದು. ಬಂಟ್ವಾಳ ಪೇಟೆಯಲ್ಲಿರುವ ನಮ್ಮ ಹಳೆಯ ಮನೆಗೆ ಗಿರಾಕಿ ಸಿಕ್ಕಿದ್ದ. ಭಾವ ತೀರಿಹೋದ ಮೇಲೆ ಅಕ್ಕ ಬಿ.ಸಿ. ರೋಡಿನ ಫ್ಲ್ಯಾಟಿಗೆ ಬಂದು ನಾಲ್ಕು ವರ್ಷವಾಯಿತು. ಮನೆಗೆ ಬೀಗ ಬಿದ್ದು ಕೂಡ ಅಷ್ಟೇ ವರ್ಷ. ಮಳೆಗಾಲ ಕಳೆದಂತೆಲ್ಲ ಹೆಂಚು ಜಾರುತ್ತದೆ, ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ. ಮಾರಬೇಕೆಂದು ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ಮಾತಿಗೆ ಉತ್ತರ ಕೊಡುವುದು ಬಹಳ ಕಷ್ಟ.

ನಮ್ಮದು ಅಳಿಯಕಟ್ಟಿನ ಮನೆ. ಹಿಂದಿನ ಲೆಕ್ಕದಲ್ಲಾದರೆ ಆಸ್ತಿ ಮಾವನಿಂದ ಅಳಿಯನಿಗೆ, ಎಂದರೆ ಅಕ್ಕತಂಗಿಯರ ಮಕ್ಕಳಿಗೆ ಇಳಿಯುತ್ತಿತ್ತು. ಆ ಮನೆಯಲ್ಲಿ ನಾನು ಯಜಮಾನನಾಗಿ ಕೂತು, ನನ್ನ ತರುವಾಯ ಅವನಿಗೆ ಜಾಗ ಬಿಟ್ಟುಕೊಡಬೇಕಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಮೇಲೆ ಆ ಕಟ್ಟು ಸಡಿಲವಾಯಿತು. ಈಗ ಅಕ್ಕನಿಗೆ ಒಂದು ಪಾಲು, ನನಗೊಂದು ಪಾಲು, ಆದ್ದರಿಂದ ಎರಡು ರುಜು. ಅಕ್ಕ ಹಾಕಿಯಾಗಿತ್ತು. ತುಳುವಿನಲ್ಲಿ ಸೋದರಮಾವನನ್ನು ‘ತಮ್ಮಲೆ’ ಎನ್ನುತ್ತೇವೆ. ಆ ಶಬ್ದದಲ್ಲಿ ಈಗಲೂ ಒಂದಿಷ್ಟು ಅಧಿಕಾರದ ವಾಸನೆ ಉಳಿದಿದೆ. ಆ ವಾಸನೆಯ ಬಲದ ಮೇಲೆಯೇ ನಾನು ನಾಲ್ಕು ದಿನ ರುಜು ಹಾಕದೆ ತಳ್ಳಿದೆ.

ಆ ನಾಲ್ಕು ದಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವನು ಫೋನಿನಲ್ಲಿ ತನ್ನ ಅಬುಜವನ್ನು ತೋರಿಸಿದ. ಕಣ್ಣಿಗೆ ಹಬ್ಬವೇ ಸರಿ. ಅಗಲವಾದ ನೇರ ರಸ್ತೆಗಳು. ಚಿನ್ನದ ಬಣ್ಣದ ಗುಮ್ಮಟದ ರಾಷ್ಟ್ರೀಯ ಮಸೀದಿ, ಅದಕ್ಕೆ ಜೊತೆಯಾಗಿ ನಿಂತಂತೆ ಕ್ರೈಸ್ತರ ರಾಷ್ಟ್ರೀಯ ಮಂದಿರ. ಜಾಬಿ ಎಂಬ ಸರೋವರ. ಮಿಲೇನಿಯಮ್ ಪಾರ್ಕ್ ಎಂಬ ದೊಡ್ಡ ಉದ್ಯಾನ. ಊರಿನ ತಲೆಯ ಕಡೆ ಆಸೊ ಎಂಬ ಬೋಳು ಬಂಡೆಗುಡ್ಡ, ಅದರ ಬುಡದಲ್ಲಿ ಅಧ್ಯಕ್ಷರ ಭವನ, ಸಂಸತ್ತು, ಸರ್ವೋಚ್ಚ ನ್ಯಾಯಾಲಯ, ಮೂರೂ ಒಂದೇ ಆವರಣದಲ್ಲಿ. ಕಡೂನ ಎಂಬ ಊರಿನ ದಾರಿಯಲ್ಲಿ ಜೂಮ ಎಂಬ ಇನ್ನೊಂದು ಬಂಡೆ. ಸುತ್ತಲಿನ ನೆಲದಿಂದ ಸುಮಾರು 300 ಮೀಟರ್ ಎತ್ತರಕ್ಕೆ ಒಂದೇ ಕಲ್ಲಾಗಿ ಎದ್ದು ನಿಂತಿದೆ. ಅದರ ಮೈಮೇಲಿನ ಕಲೆಗಳಲ್ಲಿ ಮನುಷ್ಯನ ಮುಖ ಕಾಣುತ್ತದೆಂದು ಜನ ಹೇಳುತ್ತಾರಂತೆ.

ಈ ಊರು ಹುಟ್ಟಿದ ಕಥೆಯನ್ನೂ ಅವನೇ ಹೇಳಿದ. ಹಳೆಯ ರಾಜಧಾನಿ ಲಾಗೋಸ್ ಕಡಲತಡಿಯ ಊರು, ಜನ ಕಿಕ್ಕಿರಿದದ್ದು, ದೇಶದ ಒಂದು ಮೂಲೆಯಲ್ಲಿರುವುದು. ದೇಶದ ಮೂರು ದೊಡ್ಡ ಜನಾಂಗಗಳಾದ ಹೌಸ, ಯೊರುಬ, ಇಗ್ಬೊಗಳಲ್ಲಿ ಯಾರ ಮನೆಯಂಗಳವೂ ಅಲ್ಲದ ನಡುನಾಡಿನಲ್ಲಿ ಹೊಸ ರಾಜಧಾನಿ ಇರಲೆಂದು 1976ರ ಫೆಬ್ರವರಿಯಲ್ಲಿ ಸರಕಾರ ಆಜ್ಞೆ ಹೊರಡಿಸಿತು. ಸುಮಾರು 8,000 ಚದರ ಕಿಲೊಮೀಟರ್ ನೆಲ, ಎಂದರೆ ನಮ್ಮ ಇಡೀ ದಕ್ಷಿಣ ಕನ್ನಡ ಜಿಲ್ಲೆಗಿಂತ ದೊಡ್ಡದು, ಅದಕ್ಕಾಗಿ ಮೀಸಲಾಯಿತು. ಊರಿನ ನಡುಭಾಗದ ವಿನ್ಯಾಸ ಮಾಡಿದವರು ಜಪಾನಿನ ಹೆಸರಾಂತ ವಾಸ್ತುಶಿಲ್ಪಿ ಕೆಂಜೊ ಟಾಂಗೆ. 1991ರ ಡಿಸೆಂಬರ್ 12ರಂದು ಸರಕಾರ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋಯಿತು. ತಮಾಷೆಯೆಂದರೆ ಅಬುಜ ಎಂಬ ಹಳೆಯ ಊರೊಂದು ಹತ್ತಿರದಲ್ಲಿ ಮೊದಲೇ ಇತ್ತು. ಹೊಸ ಊರಿಗೆ ಹೆಸರು ಬೇಕಾಯಿತೆಂದು ಹಳೆಯ ಊರು ತನ್ನ ಹೆಸರನ್ನು ಬಿಟ್ಟುಕೊಟ್ಟು ‘ಸುಲೇಜ’ ಎಂದು ಮರುನಾಮಕರಣ ಮಾಡಿಸಿಕೊಂಡಿತು. ಹೆಸರನ್ನೂ ಹೀಗೆ ಎರವಲು ಪಡೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ.

“ಮಾವ, ನಮ್ಮಲ್ಲಿ ಹೀಗೆ ನೋಡುವಂಥದ್ದು ಏನುಂಟು ಹೇಳಿ. ಬಸದಿ ಒಂದು ಬಿಟ್ಟರೆ?” ಎಂದ.

ಅಧ್ಯಾಪಕನಾದವನನ್ನು ಕೆಣಕಲು ಇಷ್ಟು ಸಾಕು. “ನಿನ್ನ ದೇಶಕ್ಕೆಲ್ಲ ಒಂದು ರಾಜಧಾನಿ. ಇಲ್ಲಿ ಒಂದು ದಿನದ ದಾರಿಯಲ್ಲಿ ನಾಲ್ಕು ಉಂಟು. ನಾಳೆ ಆದಿತ್ಯವಾರ. ಕಾರು ತೆಗೆ” ಎಂದೆ. ಹೇಳಿದ ಮೇಲೆ ನನಗೇ ಭಯವಾಯಿತು. ನಾಲ್ಕರಲ್ಲಿ ಎರಡನ್ನು ನಾನು ಸರಿಯಾಗಿ ನೋಡಿರಲಿಲ್ಲ.

ಅಕ್ಕನ ಮನೆಯಲ್ಲಿ ಕಾಫಿ ಕುಡಿದು ಬಿ.ಸಿ. ರೋಡಿನಿಂದ ಹೊರಟೆವು. ಈ ಬಿ.ಸಿ. ರೋಡು ಎಂದರೆ ಬಂಟ್ವಾಳ ಕ್ರಾಸ್ ರೋಡು; ಒಂದು ಕವಲುದಾರಿಯ ಗುರುತೇ ಊರಿನ ಹೆಸರಾಗಿ ಬಿಟ್ಟಿದೆ. ನೇತ್ರಾವತಿಯ ದಡದ ಹಳೆಯ ಪೇಟೆಯಲ್ಲಿ ದೋಣಿ ಬರುತ್ತಿದ್ದ ಕಾಲಕ್ಕೆ ಅಡಕೆ, ಅಕ್ಕಿ, ಮೆಣಸು ಎಲ್ಲ ಅಲ್ಲಿ ಇಳಿದು ಅಲ್ಲಿಂದಲೇ ಏರುತ್ತಿದ್ದವು. ದೋಣಿ ಹೋಗಿ ಬಸ್ಸು ಬಂತು. ಬಸ್ಸು ನಿಂತಲ್ಲಿ ಅಂಗಡಿ, ಅಂಗಡಿಯಿದ್ದಲ್ಲಿ ಕಚೇರಿ. ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಬಂಟ್ವಾಳ ಇವತ್ತು ಮಧ್ಯಾಹ್ನದ ನಿದ್ದೆಯಲ್ಲಿದ್ದಂತೆ ಕಾಣುತ್ತದೆ. ಗದ್ದಲವೆಲ್ಲ ಎರಡು ಮೈಲಿ ಈಚೆಗೆ. “ನೋಡು, ಇಲ್ಲಿ ಯಾವ ಆಜ್ಞೆಯೂ ಇಲ್ಲದೆ ರಾಜಧಾನಿ ಬದಲಾಯಿತು” ಎಂದೆ. ಅವನು ನಕ್ಕು, “ನಕ್ಷೆಯೂ ಇಲ್ಲದೆ, ಮಾವ” ಎಂದ. ಬಿ.ಸಿ. ರೋಡಿನ ವಾಹನಗಳ ನಡುವೆ ಸಿಕ್ಕಿಕೊಂಡಿದ್ದ ನಮಗೆ ಆ ಮಾತನ್ನು ಅಲ್ಲಗಳೆಯುವುದು ಸಾಧ್ಯವಿರಲಿಲ್ಲ.

ಪಾಣೆಮಂಗಳೂರಿನ ಸೇತುವೆ ದಾಟಿ ನಂದಾವರಕ್ಕೆ ಹೋದೆವು. ನದಿಯ ಮಗ್ಗುಲಿನ ಈ ಊರು ಬಂಗರಸರ ರಾಜಧಾನಿಗಳಲ್ಲಿ ಒಂದು. ವಿನಾಯಕ ಶಂಕರನಾರಾಯಣ ದುರ್ಗಾಂಬಾ ದೇವಸ್ಥಾನದಲ್ಲಿ ಕೈಮುಗಿದು ಹೊಳೆಯ ಕಡೆ ನಿಂತೆವು. ಬಂಗರ ಮೊದಲ ನೆಲೆ ಘಟ್ಟದ ಬುಡದ ಬಂಗಾಡಿ. ಅಲ್ಲಿಂದ ಅವರು ಹೊಳೆಯನ್ನು ಹಿಡಿದು ನಂದಾವರಕ್ಕೆ, ಮಂಗಳೂರಿಗೆ ಇಳಿದರು. ಘಟ್ಟದ ಸರಕು ಹೊಳೆಯ ಜೊತೆ ಕಡಲಿಗೆ ಇಳಿಯುವಾಗ ಅರಸು ಮಾತ್ರ ಮೇಲೆ ಕೂತಿದ್ದರೆ ಸುಂಕ ಎತ್ತುವವರು ಯಾರು? ನೈಜೀರಿಯದವರು ಕಡಲಿನಿಂದ ಒಳನಾಡಿಗೆ ಏರಿದರು, ನಮ್ಮವರು ಒಳನಾಡಿನಿಂದ ಕಡಲಿಗೆ ಇಳಿದರು. ಈ ಮನೆತನದ ಲಕ್ಷ್ಮಪ್ಪ ಬಂಗರಸ 1837ರ ಬಂಡಾಯದಲ್ಲಿ ಸೇರಿದ. ಕೊಡಗು, ಸುಳ್ಯದ ಕಡೆಯಿಂದ ಬಂದ ದಂಡಿನವರು ಕುಂಪಣಿಯ ಕೈಯಿಂದ ಮಂಗಳೂರನ್ನು ಕಿತ್ತುಕೊಂಡು ಹದಿಮೂರು ದಿನ ಆಳಿದರೆಂದು ನಾವು ಓದುತ್ತೇವೆ. ಬಂಡಾಯ ಮುರಿದ ಮೇಲೆ ಕುಂಪಣಿಯವರು ಬಂಗರಸನನ್ನು ಗಲ್ಲಿಗೇರಿಸಿದರು. ರಾಜಧಾನಿ ಎಂಬ ಮಾತು ಅಲ್ಲಿಗೆ ಮುಗಿಯಿತು. ದೇವರಿಗೆ ದೀಪ ಹಚ್ಚುವುದು ಮಾತ್ರ ನಿಲ್ಲಲಿಲ್ಲ.

ಅಲ್ಲಿಂದ ಹಿಂದಿರುಗಿ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯಲ್ಲಿ ಗೋಳಿಬಜೆ ತಿಂದೆವು. ಬೆಳ್ತಂಗಡಿ ಕಳೆದು ಬಂಗಾಡಿಯ ಕಡೆ ತಿರುಗುವಾಗ ಎದುರಿಗೆ ಗಡಾಯಿಕಲ್ಲು ಎದ್ದಿತು. ನನ್ನ ಅಳಿಯ ಕಾರು ನಿಲ್ಲಿಸಿಯೇ ಬಿಟ್ಟ. “ಇದು ಜೂಮ! ಹಾಗೆಯೇ ಉಂಟು!” ಎಂದು ಫೋನು ತೆಗೆದು ಎರಡು ಚಿತ್ರಗಳನ್ನೂ ಅಕ್ಕಪಕ್ಕ ಹಿಡಿದು ತೋರಿಸಿದ. ನಿಜ, ಬೋಳು ಕಲ್ಲು, ಕಡಿದಾದ ಮೈ, ಕೆಳಗೆ ಹಸಿರು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಈ ಕಲ್ಲಿನ ನೆತ್ತಿಯ ಮೇಲೆ 1794ರಲ್ಲಿ ಟಿಪ್ಪು ಸುಲ್ತಾನ ಕೋಟೆ ಕಟ್ಟಿಸಿದ. ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟನೆಂದು ಹೇಳುತ್ತಾರೆ. ಕಲ್ಲಿನಲ್ಲೇ ಕಡಿದ ಸಾವಿರಾರು ಮೆಟ್ಟಿಲ ಒಂದೇ ದಾರಿ. ಐದು ವರ್ಷ ಕಳೆಯುವುದರೊಳಗೆ, 1799ರಲ್ಲಿ, ಕೋಟೆ ಇಂಗ್ಲಿಷರ ಪಾಲಾಯಿತು. ಊರವರು ಈಗಲೂ ಗಡಾಯಿಕಲ್ಲು ಎಂದೇ ಹೇಳುತ್ತಾರೆ.

ಬಂಗಾಡಿಯಲ್ಲಿ ರಾಜಧಾನಿ ಕಾಣಬೇಕೆಂದು ಹೋದವರಿಗೆ ಅಡಕೆ ತೋಟ ಕಾಣುತ್ತದೆ. ಬಿಸಿಲು ಏರಿತ್ತು. ಒಂದು ಮನೆಯ ಅಂಗಳದಲ್ಲಿ ವಿಚಾರಿಸಿದೆವು. ಒಣಹಾಕಿದ ಅಡಕೆ ಬಳಿಯುತ್ತಿದ್ದ ಹೆಂಗಸು ಬೆಲ್ಲ ನೀರು ಕೊಟ್ಟು, “ಅರಸರೋ? ಅವರೆಲ್ಲ ಹೋದರಲ್ಲ” ಎಂದರು, ನೆರೆಮನೆಯವರು ಪೇಟೆಗೆ ಹೋದರೆಂದು ಹೇಳುವ ಹಾಗೆ. ನನಗೆ ನಗು ಬಂತು. ಅಳಿಯ ನಗಲಿಲ್ಲ.

ಕಾರಿಗೆ ಬಂದ ಮೇಲೆ ಅವನಾಗಿಯೇ ಮಾತು ತೆಗೆದ. “ಅಲ್ಲಿ ನಮಗೊಬ್ಬ ಅಡುಗೆಯವನಿದ್ದಾನೆ, ಮಾವ. ಗ್ಬಾಗ್ಯಿ ಎಂಬ ಜನ. ಆ ನೆಲದ ಮೂಲದವರು. ಹೊರೆಯನ್ನು ತಲೆಯ ಮೇಲೆ ಇಡುವುದಿಲ್ಲ, ಭುಜದ ಮೇಲೆ ಹೊರುತ್ತಾರೆ. ತಲೆ ಗೌರವದ ಜಾಗವಂತೆ. ಒಮ್ಮೆ ಅವನನ್ನು ಪೇಟೆಗೆ ಕರೆದುಕೊಂಡು ಹೋಗುವಾಗ ದೊಡ್ಡ ರಸ್ತೆಯೊಂದರ ನಡುವೆ, ‘ಇಲ್ಲಿ ನಮ್ಮ ಅಜ್ಜಿಯ ಮರ ಇತ್ತು’ ಎಂದ. ನಾನು ಆಫೀಸಿಗೆ ಹೋಗಿ ಹಳೆಯ ನಕ್ಷೆ ತೆಗೆದು ನೋಡಿದೆ. ಆ ಜಾಗ ಖಾಲಿ ಇತ್ತು.” ಸ್ವಲ್ಪ ಹೊತ್ತು ಬಿಟ್ಟು, “ನಾವು ಖಾಲಿ ಎಂದು ಬರೆದಿದ್ದೆವು, ಅಷ್ಟೆ” ಎಂದ.

ಯಾರ ಅಂಗಳವೂ ಅಲ್ಲದ ನೆಲ ಎಂದು ಹುಡುಕಿ ಆರಿಸಿದರಲ್ಲ, ಅದು ಯಾರದೋ ಅಂಗಳವೇ ಆಗಿತ್ತು. ಮೊದಮೊದಲು ಅಲ್ಲಿದ್ದವರನ್ನೆಲ್ಲ ಬೇರೆ ಕಡೆಗೆ ಕಳಿಸಬೇಕೆಂದಿದ್ದ ಸರಕಾರ, ಖರ್ಚು ನೋಡಿ ಹಿಂಜರಿದು, ಕೆಲವರನ್ನು ಕಳಿಸಿ ಕೆಲವರನ್ನು ಅಲ್ಲಿಯೇ ಬಿಟ್ಟಿತಂತೆ. ಅಳಿಯ ಪರ್ಸಿನಿಂದ ಇಪ್ಪತ್ತು ನೈರಾದ ನೋಟು ತೆಗೆದು ತೋರಿಸಿದ. ಹಿಂಬದಿಯಲ್ಲಿ ಮಡಕೆಯ ಜೊತೆ ಕೂತ ಒಬ್ಬ ಹೆಂಗಸು. ಲಾಡಿ ಕ್ವಾಲಿ ಎಂಬ ಕುಂಬಾರತಿಯಂತೆ. ಹಳೆಯ ಅಬುಜದಲ್ಲಿ, ಎಂದರೆ ಈಗಿನ ಸುಲೇಜದಲ್ಲಿ, ಇಂಗ್ಲಿಷ್ ಕುಂಬಾರ ಮೈಕೆಲ್ ಕಾರ್ಡ್ಯೂ ತೆರೆದ ಕುಂಬಾರಿಕೆಯ ಶಾಲೆಯಲ್ಲಿ ಕೆಲಸಮಾಡಿ ಲೋಕಪ್ರಸಿದ್ಧಳಾದವಳು, 1984ರಲ್ಲಿ ತೀರಿಕೊಂಡವಳು. ನೋಟಿನ ಮೇಲೆ ಇರಬೇಕಾದರೆ ಅರಸನೇ ಆಗಬೇಕಿಲ್ಲ ಎಂಬುದು ನನಗೆ ಹಿತವೆನಿಸಿತು.

ಮತ್ತೆ ಗುರುವಾಯನಕೆರೆಗೆ ಬಂದು ವೇಣೂರಿನ ದಾರಿ ಹಿಡಿದೆವು. ವೇಣೂರು ಅಜಿಲರ ರಾಜಧಾನಿ. ಫಲ್ಗುಣಿ ಹೊಳೆಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟ, ಎತ್ತರ 35 ಅಡಿ. ಶ್ರವಣಬೆಳಗೊಳದ ಎತ್ತರವಾಗಲಿ, 1432ರಲ್ಲಿ ನಿಂತ ಕಾರ್ಕಳದ 42 ಅಡಿಯಾಗಲಿ ಇವನಿಗಿಲ್ಲ. ಆದರೆ ಬೆಟ್ಟ ಹತ್ತಿಸಿ ಏದುಸಿರು ತರಿಸುವುದಿಲ್ಲ. ಊರಿನ ಮಟ್ಟದಲ್ಲೇ, ಗದ್ದೆಗೆ ಹೋಗುವವನು ಕತ್ತೆತ್ತಿದರೆ ಕಾಣುವ ಹಾಗೆ ನಿಂತಿದ್ದಾನೆ. ಕೆನ್ನೆಯಲ್ಲಿ ಗುಳಿ ಬಿದ್ದು ನಗುತ್ತಿರುವಂತೆ ತೋರುತ್ತದೆ. ಮುಂದಿನ ಎರಡು ಚಿಕ್ಕ ಬಸದಿಗಳು ಅಜಿಲನ ರಾಣಿಯರು ಕಟ್ಟಿಸಿದುವು. ಕಾರ್ಕಳದ ಅರಸ ತನ್ನ ಊರಿನ ಗೊಮ್ಮಟನಿಗೆ ಪೈಪೋಟಿ ಬಂತೆಂದು ಸಿಟ್ಟಾಗಿ ವಿಗ್ರಹವನ್ನೇ ಕೇಳಿದನೆಂದೂ, ಅಜಿಲನು ಅದನ್ನು ಹೊಳೆಯ ಮರಳಿನಲ್ಲಿ ಹೂತು ಬಚ್ಚಿಟ್ಟನೆಂದೂ ಐತಿಹ್ಯ. ಅರಸರ ಜಗಳ ಎಂದೋ ತೀರಿತು. ಅಜಿಲರ ಮನೆತನದ ಅರಮನೆ ಈಗ ಇರುವುದು ಅಳದಂಗಡಿಯಲ್ಲಿ. 2012ರಲ್ಲಿ, ಮತ್ತೆ 2024ರಲ್ಲಿ ಮಹಾಮಸ್ತಕಾಭಿಷೇಕವಾದಾಗ ಜನ ಕಿಕ್ಕಿರಿದದ್ದು ಅರಸನ ಊರೆಂದಲ್ಲ.

“ಈ ತಿಮ್ಮಣ್ಣ ಅಜಿಲನೂ ಅಳಿಯನೇ. ಈ ಸೀಮೆಯ ಅರಸರದೂ ಅಳಿಯಕಟ್ಟು” ಎಂದೆ.

“ಹಾಗಾದರೆ ಮಾವನ ಗಾದಿ ಸಿಕ್ಕಿದ ಅಳಿಯ ಮಾವನ ಮನೆ ಮಾರಲಿಲ್ಲ, ಗೊಮ್ಮಟ ಕಟ್ಟಿಸಿದ ಎಂದು ತಾನೆ ನೀವು ಹೇಳುವುದು?” ಎಂದು ನೇರವಾಗಿ ಕೇಳಿದ. ಎಂಜಿನಿಯರುಗಳಿಗೆ ಧ್ವನಿ ತಿಳಿಯುವುದಿಲ್ಲವೆಂದು ಯಾರು ಹೇಳಿದರೋ! ನಾನು ಗೊಮ್ಮಟನ ಬೆರಳುಗಳನ್ನು ನೋಡುತ್ತ ನಿಂತೆ.

ಮೂಡಬಿದಿರೆಗೆ ಬರುವಾಗ ಮೂರೂವರೆ ಗಂಟೆ. ಇಲ್ಲಿ ಚೌಟರು ಆಳಿದರು. ಉಳ್ಳಾಲದ ಅಬ್ಬಕ್ಕ ರಾಣಿ, ಪೋರ್ಚುಗೀಸರನ್ನು ಎದುರಿಸಿದವಳು, ಇದೇ ಮನೆತನದವಳು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಈ ಸೀಮೆಗೆ ಬಂದಾಗ ಉಳ್ಳಾಲದ ರಾಣಿ ಅವನಿಗೆ ಸಿಕ್ಕಿದ್ದು ಸಿಂಹಾಸನದಲ್ಲಲ್ಲ, ಹೊಲದ ದಾರಿಯಲ್ಲಿ. ನೀರಿನ ಕಾಲುವೆ ತೋಡಿಸುವುದನ್ನು ನೋಡಲು ಬರಿಗಾಲಲ್ಲಿ ಬಂದಿದ್ದಳು. ನನ್ನ ಅಳಿಯನಿಗೆ ಆ ದಿನ ಬಹಳ ಮೆಚ್ಚಿಗೆಯಾದ ಅರಸಿ ಇವಳೇ. “ಸೈಟಿಗೆ ಬರುವ ಮೇಲಧಿಕಾರಿ” ಎಂದ.

ಚೌಟರು ಉಳ್ಳಾಲ, ಪುತ್ತಿಗೆಗಳಲ್ಲಿದ್ದು ತರುವಾಯ ಮೂಡಬಿದಿರೆಗೆ ಬಂದವರು. ಅವರು ಬರುವ ಮೊದಲೇ ಈ ಊರು ಊರಾಗಿತ್ತು. 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ತ್ರಿಭುವನತಿಲಕಚೂಡಾಮಣಿ ಬಸದಿ ಎದ್ದಾಗ ಅದಕ್ಕೆ ಕೈಕೊಟ್ಟವರಲ್ಲಿ ಇಲ್ಲಿನ ಸೆಟ್ಟಿಗಳು, ಶ್ರಾವಕರು ಬಹಳ ಮಂದಿ. ಒಂದರಂತೆ ಇನ್ನೊಂದಿಲ್ಲದ ಆ ಕಂಬಗಳು, ಮೂರು ನೆಲೆ, ನಮ್ಮ ಮಳೆಗೆಂದೇ ಇಳಿಜಾರಾದ ಮಾಡು. ಹದಿನೆಂಟು ಬಸದಿಗಳ ಸಾಲು. ಕೊಡಂಗಲ್ಲಿನಲ್ಲಿ ಮಾಡಿನ ಮೇಲೆ ಮಾಡು ಹೊದಿಸಿದಂಥ ಮುನಿಗಳ ಸಮಾಧಿಗಳು. ಗುರುಬಸದಿಯಲ್ಲಿ ‘ಧವಲ’ ಮೊದಲಾದ ಸಿದ್ಧಾಂತ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಹಳಗನ್ನಡ ಲಿಪಿಯಲ್ಲಿ ಉಳಿದು ಬಂದವು. ಬೇರೆಲ್ಲಿಯೂ ದೊರೆಯದೆ ಇದ್ದ ಆ ಗ್ರಂಥ ಇಲ್ಲಿ ಇದ್ದುದರಿಂದಲೇ ಪ್ರತಿಯಾಗಿ, 1939ರಿಂದ ಅಚ್ಚಾಗಿ ಲೋಕಕ್ಕೆ ಸಿಕ್ಕಿತು. ‘ಭರತೇಶ ವೈಭವ’ದ ರತ್ನಾಕರವರ್ಣಿಯ ಊರೂ ಇದೇ. ಇಷ್ಟೆಲ್ಲ ಇದ್ದ ಊರಿಗೆ ರಾಜಧಾನಿ ಆಮೇಲೆ ಬಂದು ಸೇರಿತು. ರಾಜಧಾನಿ ಹೋದಾಗಲೂ ಊರು ಊರಾಗಿಯೇ ಉಳಿಯಿತು.

ಚೌಟರ ಅರಮನೆಗೆ ಕೊನೆಯಲ್ಲಿ ಹೋದೆವು. ಹೆಂಚಿನ ಮಾಡಿನ, ದೊಡ್ಡ ಗುತ್ತಿನ ಮನೆಯಂಥ ಕಟ್ಟಡ. ಅರಮನೆಯ ನೆನಪು ಹೇಳುವುದು ಮರದ ಕಂಬಗಳು. ಒಂದರ ಮೇಲೆ ಒಂಬತ್ತು ಮಂದಿ ಹೆಂಗಸರು ಸೇರಿ ಒಂದು ಆನೆಯಾದ ನವನಾರೀ ಕುಂಜರ, ಇನ್ನೊಂದರ ಮೇಲೆ ಐವರು ಸೇರಿ ಕುದುರೆಯಾದ ಪಂಚನಾರೀ ತುರಗ. ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಮುಖ. ಅಳಿಯ ಬಹಳ ಹೊತ್ತು ಅಲ್ಲಿಯೇ ನಿಂತ. “ನಾನು ಮಾಡುವ ನಕ್ಷೆಯಲ್ಲಿ ಆನೆ ಮಾತ್ರ ಕಾಣುತ್ತದೆ, ಮಾವ” ಎಂದ. ನಾನು ತರಗತಿಯಲ್ಲಿ ಒಂದು ಗಂಟೆ ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರೆ. ಅದನ್ನು ಅವನಿಗೆ ತಿಳಿಸಲಿಲ್ಲ. ಮಾವನ ಸ್ಥಾನಕ್ಕೆ ಕುಂದು.

ಮರುದಿನ ರುಜು ಹಾಕಿದೆ. ನನ್ನ ಬಾಯಿಯಿಂದ ಇನ್ನೇನೋ ಬರುತ್ತದೆಂದು ವಾಚಕರು ಕಾದಿದ್ದರೆ ಕ್ಷಮಿಸಬೇಕು. ಆ ಮನೆಯಲ್ಲಿ ನಾನು ಹೋಗಿ ಇರುವುದಿಲ್ಲ, ಅಕ್ಕನ ಮೊಣಕಾಲಿಗೆ ಆ ಮೆಟ್ಟಿಲು ಆಗುವುದಿಲ್ಲ, ಅಳಿಯ ವರ್ಷಕ್ಕೊಮ್ಮೆ ಬರುವವನು. ಇರುವವರಿಲ್ಲದ ಮನೆಯನ್ನು ಪ್ರೀತಿಯಿಂದ ಹಿಡಿದುಕೊಂಡರೆ ಬೀಳುವುದನ್ನು ನೋಡುತ್ತ ಕೂತ ಹಾಗೆ. ನಾನು ನಾಲ್ಕು ದಿನ ಕಾಪಾಡಿದ್ದು ಮನೆಯನ್ನಲ್ಲ, ಯಜಮಾನಿಕೆಯನ್ನು ಎಂಬುದು ನಂದಾವರದ ಹೊಳೆಯ ಬದಿಯಲ್ಲೇ ನನಗೆ ಸ್ವಲ್ಪ ತಿಳಿದಿತ್ತು. ಆದರೆ ಒಂದು ಮಾತು ಹೇಳಿದೆ: “ಖಾಲಿ ಎಂದು ಮಾತ್ರ ಬರೆಯಬೇಡ.”

ಅವನು ಹೊರಡುವ ಮೊದಲು ಎರಡು ದಿನ ಟೇಪು ಹಿಡಿದು ಬಂಟ್ವಾಳದ ಮನೆಯಲ್ಲಿ ಕಳೆದ. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿ. ಅಕ್ಕ ಚಾವಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಇದು ಬಾಣಂತಿ ಕೋಣೆ, ಇದು ಅಡಕೆ ಮೂಟೆ ಇಡುತ್ತಿದ್ದದ್ದು, ಇಲ್ಲಿ ನಿನ್ನ ಮಾವ ಬಿದ್ದು ಹಲ್ಲು ಮುರಿದುಕೊಂಡದ್ದು ಎಂದು ಹೇಳುತ್ತ ಹೋದಳು. ಅಜ್ಜನ ಲೆಕ್ಕದ ಪುಸ್ತಕಗಳು, ಒಂದು ಹಳೆಯ ಕಳಸೆ, ದೋಣಿಯ ಹುಟ್ಟು, ಇವನ್ನು ಬಿ.ಸಿ. ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ ಕೊಡಬೇಕೆಂದು ಒಂದು ಕಡೆ ಎತ್ತಿಟ್ಟೆವು.

ಎರಡು ತಿಂಗಳ ಮೇಲೆ ಅಬುಜದಿಂದ ಒಂದು ನಕ್ಷೆ ಬಂತು. ಆ ಊರಿನಲ್ಲಿ ಮೊದಲು ನಕ್ಷೆ, ಆಮೇಲೆ ಮನೆ. ನಮ್ಮ ಮನೆಗೆ ನಕ್ಷೆ ಆದದ್ದು ಮಾರಿದ ಮೇಲೆ. ಬಾವಿ, ಒರಲು, ತುಳಸಿಕಟ್ಟೆ ಎಲ್ಲವೂ ಅಳತೆಯಲ್ಲಿ ಕೂತಿವೆ. ಚಾವಡಿಯ ಗೋಡೆಯಲ್ಲಿ ನೇತ್ರಾವತಿಯ ನೆರೆನೀರು ಏರಿದ ಎರಡು ಗೆರೆಗಳುಂಟಷ್ಟೆ, 1923ರದ್ದು ಮೇಲೆ, 1974ರದ್ದು ಅದರ ಕೆಳಗೆ. ಅವನ್ನೂ ಇಸವಿಯ ಸಮೇತ ಎಳೆದಿದ್ದಾನೆ. ಬಾಣಂತಿ ಕೋಣೆಯ ಚೌಕದೊಳಗೆ ಅಲ್ಲಿ ಹುಟ್ಟಿದ ಹನ್ನೊಂದು ಮಂದಿಯ ಹೆಸರು. ಅಕ್ಕ ಹೇಳಿ ಬರೆಸಿದ್ದಿರಬೇಕು. ನನ್ನ ಹೆಸರು ಏಳನೆಯದು, ಅವನದು ಕೊನೆಯದು.

ಈಗ ನೆಂಟರು ಯಾರಾದರೂ ಬಂದರೆ ಬಸದಿಗೆ ಕರೆದುಕೊಂಡು ಹೋಗುವ ಮೊದಲು ಗೋಡೆಯ ಮೇಲಿನ ಆ ನಕ್ಷೆಯನ್ನು ತೋರಿಸುತ್ತೇನೆ.